ಮಾರಿಸ್ ಕಾರಿನ ಅಡ್ಡಗಲ್ಲು

ಜಾವಳಿ ಹೈಸ್ಕೂಲಿನ ಸಮಾಜ ಪಾಠದ ಮೇಷ್ಟ್ರು ಕಾಶೀನಾಥರ ಸಂಸಾರದಲ್ಲಿ ಕಾವು ಹುಟ್ಟಿದ್ದು ಪೆಟೂನಿಯಾ ಹೂವಿನಿಂದ.

ದೇವರಮನೆ ದಾರಿಯಲ್ಲಿ ಹೊಸದಾಗಿ ತೆರೆದ ಹೋಂಸ್ಟೇಯವರು ಒಂದು ದಿನ ಮನೆಗೆ ಬಂದರು. ಶೆಡ್ಡಿನಲ್ಲಿದ್ದ ಹಳೆಯ ಮಾರಿಸ್ ಮೈನರ್ ಕಾರಿಗೆ ಮೂರು ಸುತ್ತು ಬಂದು, "ಇದನ್ನ ನಮ್ಮ ಗೇಟಿನ ಹತ್ರ ನಿಲ್ಲಿಸ್ತೀವಿ ಸಾರ್. ಬಾನೆಟ್ ತೆಗೆದು ಮಣ್ಣು ತುಂಬಿದ್ರೆ ಪೆಟೂನಿಯಾ ಭಾರಿ ಚೆಂದ ಬರುತ್ತೆ" ಎಂದರು. ಕಾಶೀನಾಥರಿಗೆ ತಮ್ಮ ಎದೆಯೊಳಗೇ ಯಾರೋ ಒಂದು ಬುಟ್ಟಿ ಮಣ್ಣು ಸುರಿದ ಹಾಗಾಯಿತು. ಅವರ ಹೆಂಡತಿ ರಂಜನಾಳಿಗೆ ಮಾತ್ರ ಖಾಲಿಯಾದ ಶೆಡ್ಡು ಕಣ್ಣಿಗೆ ಕಟ್ಟಿತು. ಅವಳು ಅಣಬೆ ಬೆಳೆಯುವ ತರಬೇತಿ ಮುಗಿಸಿ ಎಂಟು ತಿಂಗಳಾಗಿತ್ತು. ತಂಪು, ತೇವ, ಕತ್ತಲೆ ಮೂರೂ ಒಟ್ಟಿಗಿರುವ ಜಾಗ ಆ ಮನೆಯಲ್ಲಿ ಅದೊಂದೇ.

"ಒಂದು ಮಾತು ಹೇಳ್ತೀನಿ ಕೇಳಿ" ಎಂದಳು ರಂಜನಾ. "ಭಾನುವಾರ ಮೂಡಿಗೆರೆ ಮೈದಾನದಲ್ಲಿ ಹಳೇ ಕಾರುಗಳ ಮೇಳ ಅಂತೆ. ಅಲ್ಲಿ ಯಾರಾದ್ರೂ ಇದನ್ನ ಕಾರು ಅಂತ ಒಪ್ಪಿ ಒಂದು ಸರ್ಟಿಫಿಕೇಟ್ ಕೊಟ್ರೆ, ಕಾರು ಇಲ್ಲೇ ಇರ್ಲಿ. ನಾನು ತುಟಿ ಬಿಚ್ಚಲ್ಲ. ಇಲ್ಲಾಂದ್ರೆ ಸೋಮವಾರ ಪೆಟೂನಿಯಾ."

ಕಾಶೀನಾಥರು ಒಪ್ಪಿದರು. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಆ ಕಾರು ಮನೆಗೆ ಬಂದದ್ದೇ ಒಂದು ಕತೆ. ಹೇಳುವವರು ಕಾಶೀನಾಥರ ತಾಯಿ, ಎಪ್ಪತ್ತೆಂಟು ವರ್ಷದ ಸೀತಮ್ಮ. ಐವತ್ತೇಳನೇ ಇಸವಿಯಲ್ಲಿ ಅಡಿಕೆ ಹೇರಿಕೊಂಡು ಮಂಗಳೂರಿಗೆ ಹೋದ ಅವರ ಮಾವ, ಅಂದರೆ ಕಾಶೀನಾಥರ ಅಜ್ಜ, ವಾಪಸು ಬರುವಾಗ ಕಾರಿನಲ್ಲಿ ಬಂದರು. ಮಾರಿದವನು ಮುಂದಕ್ಕೆ ಓಡಿಸುವುದನ್ನು ಕಲಿಸಿದ್ದ; ನಿಲ್ಲಿಸಿಟ್ಟುಕೊಳ್ಳುವುದನ್ನು ಕಲಿಸುವಷ್ಟರಲ್ಲಿ ಇವರು ಹೊರಟೇಬಿಟ್ಟಿದ್ದರು. ಚಾರ್ಮಾಡಿ ಘಾಟಿಯ ಹನ್ನೊಂದನೇ ತಿರುವಿನಲ್ಲಿ ಎಂಜಿನ್ ಕುದಿಯಿತು. ಅಜ್ಜ ಕೆಳಗಿಳಿದರು. ಕಾರು ಹಿಂದಕ್ಕೆ ಹೊರಟಿತು. ಅಜ್ಜ ಕೈಗೆ ಸಿಕ್ಕ ಮೂರು ಮೂಲೆಯ ಕರಿಕಲ್ಲೊಂದನ್ನು ಚಕ್ರದ ಹಿಂದೆ ಒತ್ತಿ ಇಟ್ಟರು. ಕಾರು ನಿಂತಿತು. ಜೀವ ಉಳಿಸಿದ ಕಲ್ಲನ್ನು ದಾರಿಯಲ್ಲಿ ಬಿಟ್ಟು ಬರಲು ಮನಸ್ಸಾಗದೆ ಕಾರಿನೊಳಗೆ ಹಾಕಿಕೊಂಡು ಬಂದರು. ಕೈಬ್ರೇಕ್ ಎಂಬುದೊಂದು ಎರಡು ಸೀಟುಗಳ ನಡುವೆಯೇ ಇದೆಯೆಂದು ಅವರಿಗೆ ಯಾರೋ ತೋರಿಸಿಕೊಟ್ಟದ್ದು ಹನ್ನೊಂದು ವರ್ಷದ ಮೇಲೆ. ಅಷ್ಟರಲ್ಲಿ ಅದು ತುಕ್ಕು ಹಿಡಿದು, ಕೊಡೆ ಸಿಕ್ಕಿಸುವ ಗೂಟವಾಗಿತ್ತು.

ಅಂದಿನಿಂದ ಆ ಮನೆಯಲ್ಲಿ ಕಾರು ಎಂದರೆ ಕಾರು ಮತ್ತು ಕಲ್ಲು. "ನಮ್ಮ ಕಡೆ ಸಪಾಟಾಗಿರೋದು ದೋಸೆ ಕಾವಲಿ ಒಂದೇ" ಎನ್ನುತ್ತಿದ್ದರು ಸೀತಮ್ಮ. ಹಾಗಾಗಿ ಎಲ್ಲಿ ನಿಂತರೂ ಚಕ್ರಕ್ಕೆ ಕಲ್ಲು ಬೇಕು. ಕಾರಿನಲ್ಲಿ ಹೋಗುವವರಲ್ಲಿ ಒಬ್ಬರಿಗೆ ಪ್ರತಿ ಸಲವೂ 'ಕಲ್ಲಿನವರು' ಎಂಬ ಪದವಿ ಸಿಗುತ್ತಿತ್ತು. ಕಾರು ನಿಂತ ಕೂಡಲೇ ಇಳಿದು ಕಲ್ಲಿಡಬೇಕು; ಹೊರಟ ಮೇಲೆ ಕಲ್ಲೆತ್ತಿಕೊಂಡು, ಹತ್ತು ಹೆಜ್ಜೆ ಓಡಿ, ತೆರೆದಿಟ್ಟ ಬಾಗಿಲಿನಿಂದ ಒಳಗೆ ಹಾರಬೇಕು. ಆಯುಧಪೂಜೆಯ ದಿನ ಕಾರಿಗೆ ಎಷ್ಟು ಕುಂಕುಮವೋ ಕಲ್ಲಿಗೂ ಅಷ್ಟೇ. ಅರವತ್ತೆಂಟು ವರ್ಷದ ಕುಂಕುಮ ಕೂತು ಅದರ ನೆತ್ತಿ ಮದುಮಗಳ ಬೈತಲೆಯಂತೆ ಕೆಂಪಗಾಗಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಾರಿಸ್ ಹೊರಟಿತು. ಮುಂದೆ ಕಾಶೀನಾಥರು, ಪಕ್ಕದಲ್ಲಿ ಸೀತಮ್ಮ, ಸೀತಮ್ಮನ ಕಾಲ ಬುಡದಲ್ಲಿ ಕಲ್ಲು. ಹಿಂದೆ ರಂಜನಾ. "ತೀರ್ಪು ಸರಿಯಾಗಿ ಆಗುತ್ತೋ ಇಲ್ಲವೋ ನೋಡೋಕೆ" ಎಂದು ಅವಳೂ ಹೊರಟಿದ್ದಳು. ಅವಳ ಪಕ್ಕದಲ್ಲಿ ಯಾರೂ ಕರೆಯದೆ ಬಂದು ಕೂತಿದ್ದವರು ಪಕ್ಕದ ಮನೆಯ ರೇಣುಕಪ್ರಸಾದ್. ಮೂವತ್ತೆರಡು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿ ಹಾಜರಿ ಬರೆದು ನಿವೃತ್ತರಾದವರು. ಈಗ ಹಾಜರಿ ಬರೆಯಲು ಆಳುಗಳಿಲ್ಲದ್ದರಿಂದ ಊರಿನವರ ತಪ್ಪುಗಳ ಲೆಕ್ಕ ಇಡುತ್ತಿದ್ದರು.

"ಕಾಶೀನಾಥ, ಮಾರಾಯ, ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತೀಯಲ್ಲ! ನಮ್ಮ ಎಸ್ಟೇಟಲ್ಲಿ ಹಾಗೆ ಓಡಿಸಿದ ಡ್ರೈವರನ್ನ ಅವತ್ತೇ ಕಾಫಿ ಹಣ್ಣು ಸುಲಿಯೋ ಪಲ್ಪರ್ ಕೆಲಸಕ್ಕೆ ಹಾಕಿದ್ರು."

"ನಿಮಗೆ ಡ್ರೈವಿಂಗ್ ಬರುತ್ತಾ ರೈಟರೇ?" ಎಂದು ರಂಜನಾ ಕೇಳಿದಳು.

"ಬರಲ್ಲ. ಅದಕ್ಕೇ ತಪ್ಪು ಬೇಗ ಕಾಣ್ಸುತ್ತೆ."

ಕೊಟ್ಟಿಗೆಹಾರಕ್ಕೆ ಇನ್ನೂ ನಾಲ್ಕು ಮೈಲಿ ಇರುವಾಗ, ಏರುದಾರಿಯ ದೊಡ್ಡ ತಿರುವಿನಲ್ಲಿ ದೇವೀರಮ್ಮ ಕೈ ಅಡ್ಡ ಹಿಡಿದಳು. ತೋಟದಲ್ಲಿ ಕಾಫಿ ಕೊಯ್ಯುವವಳು. ರಜಾ ದಿನ ತನ್ನ ಹಿತ್ತಲ ಸೇವಂತಿಗೆಯನ್ನು ಮೂಡಿಗೆರೆಗೆ ಒಯ್ದು ಮಾರುವವಳು. ಅವಳನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಐವತ್ತು ವರ್ಷದ ಹಿಂದೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವಳು ಹುಟ್ಟಿದ್ದೇ ಈ ಕಾರಿನಲ್ಲಿ.

ರೇಣುಕಪ್ರಸಾದರು ಇಳಿದು ಹಿಂದಿನ ಚಕ್ರಕ್ಕೆ ಕಲ್ಲಿಟ್ಟರು. ದೇವೀರಮ್ಮನ ಬುಟ್ಟಿ ಬಾಗಿಲಲ್ಲಿ ತೂರಲಿಲ್ಲ.

"ಓರೆ ಮಾಡು ದೇವೀರಿ, ಓರೆ!"

"ಓರೆ ಮಾಡಿದ್ರೆ ಚೆಲ್ತದೆ ಅಯ್ಯಾ!"

"ನಾನು ಹೇಳಿದ ಹಾಗೆ ಮಾಡು. ಬುಟ್ಟಿ ಹಿಡಿಯೋದು ನನಗೆ ಕಲಿಸ್ಬೇಡ."

ಓರೆ ಮಾಡಿದಳು. ಅರ್ಧ ಬುಟ್ಟಿ ಹಳದಿ ಸೇವಂತಿಗೆ ಚಕ್ರದ ಬುಡಕ್ಕೆ ಚೆಲ್ಲಿತು. ಎಂಜಿನ್ ಏದುಸಿರು ಬಿಡುತ್ತಿತ್ತು. "ಇನ್ನು ನಿಂತ್ರೆ ಕುದಿಯುತ್ತೆ, ಹೊರಟೆ!" ಎಂದು ಕಾಶೀನಾಥರು ಕೂಗಿ ಕಾರು ಬಿಟ್ಟರು. ರೇಣುಕಪ್ರಸಾದರು ಒಂದು ಕೈಯಲ್ಲಿ ಬಾಚಿದ ಹೂವು, ಇನ್ನೊಂದು ಕೈಯಲ್ಲಿ ಜಾರುತ್ತಿದ್ದ ಪಂಚೆ ಹಿಡಿದು ಹತ್ತು ಹೆಜ್ಜೆ ಓಡಿ ಒಳಗೆ ಹಾರಿದರು. ಕಲ್ಲನ್ನು ದೇವೀರಮ್ಮ ಎತ್ತಿಕೊಂಡಳೆಂದು ಅವರು ತಿಳಿದರು. ಕಲ್ಲಿನವರು ರೈಟರಲ್ಲವೇ ಎಂದು ದೇವೀರಮ್ಮ ತಿಳಿದಳು. ಸೀತಮ್ಮ ಕಾಲು ಚಾಚಿಕೊಳ್ಳಲು ಜಾಗ ಸಿಕ್ಕಿತೆಂದು ಸುಖವಾಗಿ ಕಣ್ಣು ಮುಚ್ಚಿದರು.

ಮೂಡಿಗೆರೆಯ ಮೈದಾನ ಕಣ್ಣಿಗೆ ಸಪಾಟು, ಚಕ್ರಕ್ಕೆ ಇಳಿಜಾರು. ತಮಗೆ ತೋರಿಸಿದ ಜಾಗದಲ್ಲಿ ಕಾರು ನಿಲ್ಲಿಸಿ, ಕಾಶೀನಾಥರು ಬ್ರೇಕ್ ಒತ್ತಿ ಹಿಡಿದು, "ಕಲ್ಲು" ಎಂದರು.

ಯಾರೂ ಅಲ್ಲಾಡಲಿಲ್ಲ.

"ಕಲ್ಲು" ಎಂದು ಮತ್ತೆ ಅಂದರು. ರೇಣುಕಪ್ರಸಾದರು ದೇವೀರಮ್ಮನನ್ನು ನೋಡಿದರು. ದೇವೀರಮ್ಮ ರೇಣುಕಪ್ರಸಾದರನ್ನು ನೋಡಿದಳು. ಸೀತಮ್ಮ ತಮ್ಮ ಕಾಲ ಬುಡ ನೋಡಿಕೊಂಡು, "ಅಯ್ಯೋ ಮಗಾ!" ಎಂದರು.

ಗೇರಿನಲ್ಲಿ ನಿಲ್ಲಿಸಲು ನೋಡಿದರೆ ಗೇರು ಕಳ್ಳ ದನದ ಹಾಗೆ ತಾನೇ ಜಾರಿ ಆಚೆ ಬರುತ್ತಿತ್ತು. ಮೇಳಕ್ಕೆಂದು ಹಿಂದಿನ ದಿನವೇ ಮೈದಾನದ ಕಲ್ಲನ್ನೆಲ್ಲ ಆರಿಸಿ ತೆಗೆದಿದ್ದರು. ರಂಜನಾ ಎಲ್ಲಿಂದಲೋ ತಂದ ಇಟ್ಟಿಗೆ ಚಕ್ರದಡಿ ಅವಲಕ್ಕಿಯಾಯಿತು. "ತಪ್ಪು ನನ್ನದಲ್ಲ, ಆದ್ರೂ ನಾನೇ ತರ್ತೀನಿ" ಎಂದು ರೇಣುಕಪ್ರಸಾದರು ಬಂದ ದಾರಿಯಲ್ಲೇ ಕಳಸದ ಕಡೆ ಹೊರಟಿದ್ದ ಪಿಕಪ್ ಒಂದನ್ನು ಹತ್ತಿ ಹೋದರು. ಕಾಶೀನಾಥರು ಬಲಗಾಲನ್ನು ಬ್ರೇಕಿನ ಮೇಲೆ ಊರಿಕೊಂಡು ಕೂತರು.

ಕೂತಲ್ಲಿಂದಲೇ ಮೇಳ ಕಾಣುತ್ತಿತ್ತು. ಎದುರಿಗೆ ಬೆಣ್ಣೆ ಬಣ್ಣದ ಲ್ಯಾಂಡ್‌ಮಾಸ್ಟರ್, ದೊಡ್ಡ ಮನೆಯ ಯಜಮಾನನಂತೆ ಹೊಟ್ಟೆ ಮುಂದೆ ಮಾಡಿ ನಿಂತಿತ್ತು. ಅದರಾಚೆ ಕನ್ನಡಿಯಂತೆ ಹೊಳೆಯುವ ಹೆರಾಲ್ಡ್, ಓಡದೆ ನಿಂತಿದ್ದರೂ ಓಡುತ್ತಿರುವ ಹಾಗೆ ಕಾಣುವ ಕಾರು. ಆ ಕಡೆ ಒಂದು ವಿಲ್ಲೀಸ್ ಜೀಪು. ಎಷ್ಟು ಒರೆಸಿದರೂ ಅದರ ಮುಖದಲ್ಲಿ ತೋಟ ಸುತ್ತಿ ಬಂದ ಮೇಸ್ತ್ರಿಯ ಆಯಾಸ ಹೋಗಿರಲಿಲ್ಲ. ಒಂದೊಂದರ ಸುತ್ತಲೂ ಕೆಂಪು ಹಗ್ಗ, 'ಮುಟ್ಟಬೇಡಿ' ಎಂಬ ಫಲಕ. ಈ ಕಾಲದ ಕಾರುಗಳಿಗೆ ಹೆಸರು ಓದಿದ ಮೇಲೇ ಗುರುತು. ಇವಕ್ಕಾದರೆ ಮುಖಗಳಿದ್ದವು. ಕಾಡಿನಲ್ಲಿ ದಾರಿ ತಪ್ಪಿದವನು ಇವುಗಳಲ್ಲಿ ಯಾವುದನ್ನಾದರೂ ಹೆಸರು ಹಿಡಿದು ಕರೆದರೆ, ಅಜ್ಜಿಯ ಕತೆಯ ಕುದುರೆಯ ಹಾಗೆ ಬಂದು ಬಾಗಿ ನಿಲ್ಲಬಹುದೇನೋ ಎನಿಸುತ್ತಿತ್ತು.

ತೀರ್ಪುಗಾರಳಾಗಿ ಬಂದಿದ್ದವಳು ಗಾನಶ್ರೀ. ಚಿಕ್ಕಮಗಳೂರಿನಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ ಜೋಡಿಸುವುದೇ ಅವಳ ಉದ್ಯೋಗ. ಉಗುರಿನಲ್ಲಿ ಗ್ರೀಸು, ಕಿವಿಯಲ್ಲಿ ಪುಟ್ಟ ಜುಮುಕಿ. ಮಾರಿಸ್ ಹತ್ತಿರ ಬಂದವಳೇ ಬಾನೆಟ್ ಎತ್ತಿದಳು.

"ಸಾರ್, ಇದು ಫಿಯಟ್ ಎಂಜಿನ್."

"ಹೌದು. ತೊಂಬತ್ತೊಂದರಲ್ಲಿ ಹಾಕಿಸಿದ್ದು" ಎಂದರು ಕಾಶೀನಾಥರು ಕೂತಲ್ಲಿಂದಲೇ.

"ಎಡಗಣ್ಣು ಸ್ಕೂಟರಿಂದು. ಬಲಗಣ್ಣು ಜೀಪಿಂದು."

"ಅದಕ್ಕೇ ಕಣ್ಣು ಹೊಡೀತಿರೋ ಹಾಗೆ ಕಾಣೋದು" ಎಂದಳು ರಂಜನಾ, ತೀರ್ಪಿಗೆ ಸಹಾಯವಾಗಲೆಂದು.

"ಹಿಂದಿನ ಸೀಟು?"

"ಮುಚ್ಚಿಹೋದ ಟಾಕೀಸಿಂದು" ಎಂದು ಕಾಶೀನಾಥರು ತಲೆ ತಗ್ಗಿಸಿದರು. "ಬಾಲ್ಕನಿ ಕ್ಲಾಸು."

ಬಾಗಿಲಿನ ಹಿಡಿ ಅಡುಗೆಮನೆಯ ಬೀರುವಿನದು. ಕಾಲಡಿಯ ತಗಡು ಕಾಫಿ ಕಣದ ಗೋದಾಮಿನದು. ಹಾರ್ನ್ ಆಟೋ ರಿಕ್ಷಾದ್ದು. ಗಾನಶ್ರೀ ಬರೆಯುತ್ತ ಹೋದಳು. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ, ನೋವಾಗದಂತೆ ಹೇಳಿದಳು: "ಸಾರ್, ಇಲ್ಲಿ ಬಹುಮಾನ ಇರೋದು ಮೂಲ ಭಾಗಗಳಿಗೆ. ಇದ್ರಲ್ಲಿ ಮಾರಿಸ್ ಅನ್ನೋದು ನಿಮ್ಮ ನೆನಪಲ್ಲಿ ಬಿಟ್ರೆ ಎಲ್ಲೂ ಇಲ್ಲ. ನೀವು ಕೆಳಗಿಳಿದು ನೋಡಿದ್ರೆ ನಿಮಗೇ ತಿಳೀತದೆ."

"ಇಳಿಯೋ ಹಾಗಿಲ್ಲಮ್ಮ" ಎಂದು ಕಾಶೀನಾಥರು ಕಲ್ಲಿನ ಕತೆ ಹೇಳಿದರು.

ಆಗ ಸೀತಮ್ಮ ಬಾಗಿಲು ತೆರೆದುಕೊಂಡು ನಿಧಾನ ಇಳಿದರು. ಸೆರಗು ಸರಿಮಾಡಿಕೊಂಡು ಗಾನಶ್ರೀಯ ಎದುರಿಗೆ ನಿಂತರು.

"ಮಗಳೇ, ನನ್ನ ಬಾಯಲ್ಲಿರೋದು ಕಟ್ಟಿಸಿದ ಹಲ್ಲು. ಕಣ್ಣೊಳಗೆ ಡಾಕ್ಟ್ರು ಕೂರಿಸಿದ ಗಾಜು. ಈ ಮಂಡಿ ಸ್ಟೀಲು, ಇನ್ನೊಂದು ಮಾತ್ರ ಊರಿಂದು. ಈಗ ಹೇಳು, ನಾನು ಸೀತಮ್ಮ ಹೌದಾ ಅಲ್ವಾ?"

ಗಾನಶ್ರೀಗೆ ನಗು ಬಂತು. ಆಮೇಲೆ ನಗು ನಿಂತಿತು. ಸುತ್ತ ನೋಡಿದಳು. ಹಗ್ಗ ಕಟ್ಟಿದ ಕಾರುಗಳ ಮುಂದೆ ಜನ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ಈ ಮಾರಿಸ್ಸಿನ ಹತ್ತಿರ ಬಂದವರು ಮಾತ್ರ ಹೋಗುತ್ತಿರಲಿಲ್ಲ. ಒಬ್ಬ ಮುದುಕ ಬಾಗಿಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. "ನಮ್ಮಪ್ಪನಿಗೆ ಹಾವು ಕಚ್ಚಿದಾಗ ಕರ್ಕೊಂಡು ಬಂದಿದ್ದು ಇದ್ರಲ್ಲೇ. ಬದುಕಿದ್ರು. ಆಮೇಲೆ ಇಪ್ಪತ್ತು ವರ್ಷ ನನ್ನ ಬೈದ್ರು." ಇನ್ನೊಬ್ಬಾಕೆ ಹಿಂದಿನ ಗಾಜಿನಲ್ಲಿ ಇಣುಕಿ, "ನನ್ನ ದಿಬ್ಬಣ ಇದ್ರಲ್ಲೇ ಹೋಗಿದ್ದು. ಏರಲ್ಲಿ ಮದುಮಗನೇ ಇಳಿದು ತಳ್ಳಿದ್ದು. ಇವತ್ತಿಗೂ ಸೊಂಟ ನೋವು ಅಂತಾರೆ" ಎಂದಳು. ದೇವೀರಮ್ಮ ಹೂ ಮಾರುವುದನ್ನೇ ಬಿಟ್ಟು, ತಾನು ಹುಟ್ಟಿದ ಜಾಗವನ್ನು ಬಂದವರಿಗೆಲ್ಲ ತೋರಿಸುತ್ತಿದ್ದಳು. ಸೀಟು ಬದಲಾಗಿದ್ದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ.

ಆ ಕಾರಿನ ಒಂದೊಂದು ತುಂಡೂ ಎಲ್ಲೆಲ್ಲೋ ಕಳೆದುಹೋಗಿತ್ತು ನಿಜ. ಆದರೆ ಒಂದೊಂದು ತುಂಡು ಹೋಗುವಾಗಲೂ ತನ್ನ ಜಾಗದಲ್ಲಿ ಯಾರದೋ ಒಂದು ದಿನವನ್ನು ಕೂರಿಸಿ ಹೋಗಿತ್ತು.

"ಸಾರ್" ಎಂದಳು ಗಾನಶ್ರೀ. "ನನ್ನ ಕೈಲಿ ಇನ್ನೊಂದು ಸರ್ಟಿಫಿಕೇಟ್ ಇದೆ. 'ಮರೆಯಲಾಗದ ಕಾರು' ಅಂತ. ಯಾರಿಗೆ ಕೊಡ್ಬೇಕು ಅನ್ನೋದು ನನಗೆ ಬಿಟ್ಟಿದ್ದು. ಆದ್ರೆ ಬರೆಯೋಕೆ ನನಗೂ ಒಂದು ಆಧಾರ ಬೇಕಲ್ಲ? ಕಾರು ನಿಮ್ಮನೆಗೆ ಬಂದ ದಿನದ್ದು ಒಂದೇ ಒಂದು ವಸ್ತು ತೋರಿಸಿ. ಬೋಲ್ಟಾದ್ರೂ ಸರಿ."

ಕಾಶೀನಾಥರು, ಸೀತಮ್ಮ, ದೇವೀರಮ್ಮ ಮೂವರೂ ಒಂದೇ ಉಸಿರಿಗೆ ಹೇಳಿದರು: "ಕಲ್ಲು!"

ಶೆಡ್ಡು ಕೈ ತಪ್ಪುವ ವಾಸನೆ ರಂಜನಾಳಿಗೆ ಬಡಿದಿತ್ತು.

"ಕಲ್ಲಾದ್ರೂ ಸರಿ" ಎಂದಳು ಗಾನಶ್ರೀ. "ತನ್ನಿ. ಬರೀತೀನಿ."

ಆ ಹೊತ್ತಿಗೆ ಸರಿಯಾಗಿ ಜನರ ನಡುವಿನಿಂದ ರೇಣುಕಪ್ರಸಾದರು ಬಂದರು. ಹಣೆಯಲ್ಲಿ ಅಗಲ ಕುಂಕುಮ. ಕಿವಿಯಲ್ಲಿ ಹೂವು. ಒಂದು ಕೈಯಲ್ಲಿ ಅರ್ಧ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು. ಕಲ್ಲಿಲ್ಲ.

"ಕಲ್ಲೆಲ್ಲಿ ರೈಟರೇ?" ಕಾಶೀನಾಥರು ಕಿಟಕಿಯಿಂದ ಕತ್ತು ಚಾಚಿದರು.

"ಕಲ್ಲು ಅನ್ಬೇಡ ಮಾರಾಯ" ಎಂದರು ರೇಣುಕಪ್ರಸಾದರು ಮೆಲ್ಲಗೆ. "ಅದೀಗ ದೇವ್ರು."

ನಡೆದದ್ದು ಇಷ್ಟು. ತಿಪಟೂರು ಕಡೆಯಿಂದ ಹೊರನಾಡಿಗೆ ಹೊರಟಿದ್ದ ಭಜನಾ ಮಂಡಳಿಯ ಟೆಂಪೋ ಒಂದು ಅದೇ ತಿರುವಿನಲ್ಲಿ ನಿಂತಿತ್ತು. ಬಯಲುಸೀಮೆಯವರಿಗೆ ನಮ್ಮ ತಿರುವುಗಳು ಹೊಟ್ಟೆಗಾಗುವುದಿಲ್ಲ. ಒಳಗಿದ್ದ ಹನ್ನೆರಡು ಜನರಲ್ಲಿ ಒಂಬತ್ತು ಜನ ಕಿಟಕಿಗೆ ಅಂಟಿಕೊಂಡಿದ್ದರು. ಮಂಡಳಿಯ ಅಧ್ಯಕ್ಷೆ ವಿಶಾಲಾಕ್ಷಮ್ಮ ಕೆಳಗಿಳಿದು ನೋಡಿದರೆ, ದಾರಿಯ ಬದಿಯಲ್ಲಿ ಕೆಂಪು ನೆತ್ತಿಯ ಕರಿಕಲ್ಲು, ಸುತ್ತ ತಾಜಾ ಸೇವಂತಿಗೆ. ಕೈಮುಗಿದು ನಿಂಬೆಹಣ್ಣು ಇಟ್ಟರು. ಕಾಲು ಗಂಟೆಯಲ್ಲಿ ಎಲ್ಲರ ಹೊಟ್ಟೆ ತೊಳಸುವುದು ನಿಂತಿತು. ನಿಂತದ್ದು ಟೆಂಪೋ ಎಂದು ಯಾರಿಗೂ ಹೊಳೆಯಲಿಲ್ಲ. ಹಿಂದೆ ಬಂದ ಬಸ್ಸು ಜನ ನೋಡಿ ನಿಂತಿತು. ಬಸ್ಸು ನೋಡಿ ಮೂರು ಕಾರು ನಿಂತವು.

"ನೀವು ಎತ್ಕೊಂಡು ಬರೋದಲ್ವಾ?" ಎಂದರು ಕಾಶೀನಾಥರು.

"ಕೈ ಹಾಕ್ದೆ. ಆ ವಿಶಾಲಾಕ್ಷಮ್ಮ 'ಸಾಲಲ್ಲಿ ಬನ್ನಿ' ಅಂದ್ರು. ಸಾಲಲ್ಲಿ ಹೋದ್ರೆ ಮಂಗಳಾರತಿ ಕೊಟ್ರು. ಆರತಿ ತಗೊಂಡ ಮೇಲೆ ದೇವ್ರನ್ನ ಕಂಕುಳಲ್ಲಿ ಇಟ್ಕೊಂಡು ಓಡೋಕಾಗುತ್ತಾ?"

ಗಾನಶ್ರೀ ಗಡಿಯಾರ ನೋಡಿದಳು. "ದೇವರಾದ್ರೂ ನೋಡಿದ್ರಾಯ್ತು. ನಡೀರಿ, ಅಲ್ಲಿಗೇ ಹೋಗುವ. ಅಲ್ಲೇ ಬರ್ಕೊಡ್ತೀನಿ."

ಹಿಂದಿನ ಬಾಲ್ಕನಿ ಸೀಟಿನಲ್ಲಿ ರಂಜನಾ, ಗಾನಶ್ರೀ, ದೇವೀರಮ್ಮ, ರೇಣುಕಪ್ರಸಾದ್ ನಾಲ್ವರೂ ಉಪ್ಪಿನಕಾಯಿ ಜಾಡಿಯ ಮಿಡಿಗಳ ಹಾಗೆ ಒತ್ತಿ ಕೂತರು. ಮಾರಿಸ್ ಕೊಟ್ಟಿಗೆಹಾರ ದಾಟಿ ಬಂದಾಗ ಬಿಸಿಲು ಬೆಟ್ಟದ ನೆತ್ತಿಗೆ ಏರಿತ್ತು. ತಿರುವಿನ ಎರಡೂ ಬದಿ ವಾಹನಗಳ ಸಾಲು. ನಾಲ್ಕು ಗಳ ನೆಟ್ಟು ಕೆಂಪು ಬಟ್ಟೆಯ ಚಪ್ಪರ ಎದ್ದಿತ್ತು. ಯಾರೋ ತಾತ್ಕಾಲಿಕವಾಗಿ ರಟ್ಟಿನ ಮೇಲೆ 'ಶ್ರೀ ತಿರುವಿನಪ್ಪ ಪ್ರಸನ್ನ' ಎಂದು ಬರೆದು ನೇತುಹಾಕಿದ್ದರು. ಬೆಳಿಗ್ಗೆ ಏರಾಗಿದ್ದ ದಾರಿ ಈಗ ಇಳಿಜಾರು. ಕಾಶೀನಾಥರು ಚಪ್ಪರದ ಪಕ್ಕಕ್ಕೇ ಕಾರು ತಂದು, ಬ್ರೇಕ್ ಒತ್ತಿ ಹಿಡಿದು ಕೂತರು.

"ಅಮ್ಮಾ, ನೀನು ಇಳಿದು ಸ್ವಲ್ಪ ಹೇಳು. ಅದು ನಮ್ಮ ಕಲ್ಲು ಅಂತ ಅಷ್ಟೇ ಹೇಳು. ಜಾಸ್ತಿ ಬೇಡ."

ಆದರೆ ಸೀತಮ್ಮನಿಗೆ ಕತೆಯನ್ನು ಚಿಕ್ಕದಾಗಿ ಹೇಳುವ ವಿದ್ಯೆ ಯಾವತ್ತೂ ಬಂದಿರಲಿಲ್ಲ. ಅದೂ ಕೇಳಲು ಐವತ್ತು ಜನ ಸೇರಿದಾಗ!

"ಯಾರಮ್ಮ ತಾವು?" ಎಂದು ವಿಶಾಲಾಕ್ಷಮ್ಮ ಅಡ್ಡ ಬಂದರು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಸ್ವರ.

"ಈ ಕಲ್ಲು ನಮ್ಮ ಮಾವನವರಿಗೆ ಸಿಕ್ಕಿದ್ದು ತಾಯಿ" ಎಂದು ಸೀತಮ್ಮ ಶುರುಮಾಡಿದರು. "ಚಾರ್ಮಾಡಿ ಘಾಟಿ. ಹನ್ನೊಂದನೇ ತಿರುವು. ಒಂದು ಕಡೆ ಆಕಾಶ ಮುಟ್ಟೋ ಬಂಡೆ, ಇನ್ನೊಂದು ಕಡೆ ತಳ ಕಾಣದ ಕಣಿವೆ. ನಮ್ಮ ಮಾವ ಕೆಳಗಿಳಿದಿದ್ದಾರೆ. ಕಾರು ಹಿಂದೆ ಹಿಂದೆ ಹೋಗ್ತಾ ಇದೆ. ಇನ್ನೇನು ಒಂದೇ ಗೇಣು! ಕೈಮುಗಿದು 'ಕಾಪಾಡಪ್ಪಾ' ಅಂದ್ರು ನೋಡಿ. ಎಲ್ಲಿತ್ತೋ, ಹೇಗೆ ಬಂತೋ, ಈ ಕಲ್ಲು ತಾನಾಗಿ ಉರುಳಿ ಬಂದು ಚಕ್ರದ ಹಿಂದೆ ಕೂತ್ಕೊಳ್ತು."

"ತಾನಾಗೇ?" ಎಂದರು ವಿಶಾಲಾಕ್ಷಮ್ಮ.

"ತಾನಾಗೇ!"

ಕಾರಿನೊಳಗಿಂದ ಕಾಶೀನಾಥರು, "ಅಮ್ಮಾ, ಅಜ್ಜನೇ ಎತ್ತಿಟ್ಟಿದ್ದು!" ಎಂದು ಕೂಗಿದರು. ಗಂಟೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

"ಅವತ್ತಿಂದ ಅರವತ್ತೆಂಟು ವರ್ಷ" ಎಂದು ಸೀತಮ್ಮ ಮುಂದುವರಿಸಿದರು. "ಇದು ಈ ಕಾರು ಬಿಟ್ಟು ಇಳಿದಿಲ್ಲ, ಈ ಕಾರು ಇದನ್ನ ಬಿಟ್ಟು ನಿಂತಿಲ್ಲ. ಎಷ್ಟು ಬಾಣಂತಿಯರು, ಎಷ್ಟು ಹಾವು ಕಚ್ಚಿದವರು! ಇವಳು ಹುಟ್ಟಿದ್ದೇ ಇದರ ಎದುರಿಗೆ" ಎಂದು ದೇವೀರಮ್ಮನನ್ನು ಮುಂದಕ್ಕೆ ಎಳೆದರು. ದೇವೀರಮ್ಮ ಕಣ್ಣು ಒರೆಸಿಕೊಂಡಳು. ರೇಣುಕಪ್ರಸಾದರೂ ಕಣ್ಣು ಒರೆಸಿಕೊಂಡದ್ದು ಕಾಶೀನಾಥರಿಗೆ ಕನ್ನಡಿಯಲ್ಲಿ ಕಂಡಿತು.

ಗಾನಶ್ರೀ ಚಪ್ಪರದೊಳಗೆ ಬಗ್ಗಿ ಕಲ್ಲನ್ನು ನೋಡಿದಳು. ಒಂದು ಮಗ್ಗುಲಲ್ಲಿ ಟೈರಿನ ಕಪ್ಪು ಗೀರು, ಅರವತ್ತೆಂಟು ವರ್ಷದ್ದು, ಪದರ ಪದರವಾಗಿ ಕೂತಿತ್ತು. ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆದು, ಸಹಿ ಹಾಕಿ, ಕಿಟಕಿಯೊಳಗೆ ಕೈ ತೂರಿಸಿ ಕೊಟ್ಟಳು.

'ಮರೆಯಲಾಗದ ಕಾರು.'

ಕಾಶೀನಾಥರ ಕಣ್ಣು ಮಂಜಾಯಿತು. "ರಂಜೂ, ನೋಡಿದ್ಯಾ?"

"ನೋಡ್ದೆ" ಎಂದಳು ರಂಜನಾ. "ಮಾತು ಅಂದ್ರೆ ಮಾತು. ಕಾರು ನಮ್ಮನೇಲೇ ಇರ್ಲಿ. ನಾನು ತುಟಿ ಬಿಚ್ಚಲ್ಲ."

ಆ ಸುಖ ಅರ್ಧ ನಿಮಿಷ ಇತ್ತು.

"ಕೇಳಿದ್ರೇನ್ರಪ್ಪಾ!" ಎಂದು ವಿಶಾಲಾಕ್ಷಮ್ಮ ಜನರ ಕಡೆ ತಿರುಗಿದರು. "ಶಿವನಿಗೆ ಬಸವ. ಗಣಪತಿಗೆ ಇಲಿ. ಬೆಳಿಗ್ಗೆಯಿಂದ ಪೂಜೆ ಮಾಡ್ತಿದೀವಿ, ಈ ನಮ್ಮಪ್ಪನಿಗೆ ವಾಹನ ಎಲ್ಲಿ ಅಂತ ಯಾರಾದ್ರೂ ಕೇಳಿದ್ರಾ? ಹುಡುಕ್ಕೊಂಡು ತಾನೇ ಬಂದು ಎದುರಿಗೆ ನಿಂತಿದೆ ನೋಡ್ರಿ!"

ಐವತ್ತು ಕೈಗಳು ಮಾರಿಸ್ಸಿನ ಕಡೆ ಮುಗಿದವು. ಯಾರೋ ಬಾನೆಟ್ ಮೇಲೆ ಒಂದು ಮಾರು ಸೇವಂತಿಗೆ ಹಾಕಿದರು. ಸ್ಕೂಟರಿನ ಎಡಗಣ್ಣಿಗೂ ಜೀಪಿನ ಬಲಗಣ್ಣಿಗೂ ಗಂಧ ಹಚ್ಚಿದರು. ದೇವೀರಮ್ಮ ಬುಟ್ಟಿಯಲ್ಲಿ ಉಳಿದಿದ್ದ ಹೂವನ್ನೆಲ್ಲ ಒಟ್ಟಿಗೆ ಸುರಿದಳು. ನೋಡುನೋಡುತ್ತ ಬಾನೆಟ್ ಮುಚ್ಚಿಹೋಗಿ ಹಳದಿ, ಬಿಳಿ, ನೇರಳೆಯ ಗುಡ್ಡೆಯಾಯಿತು. ಪೆಟೂನಿಯಾ ಒಂದಿರಲಿಲ್ಲ ಅಷ್ಟೇ.

"ತಾಯಿ, ನಾವು ಮನೆಗೆ ಹೋಗ್ಬೇಕು" ಎಂದರು ಕಾಶೀನಾಥರು ಕಿಟಕಿಯಿಂದ ತಲೆ ಹಾಕಿ. "ಆ ಕಲ್ಲು ಕೊಟ್ರೆ..."

"ವಾಹನ ಬಿಟ್ಟು ದೇವ್ರು ಇರ್ತದಾ? ದೇವ್ರು ಬಿಟ್ಟು ವಾಹನ ಹೋಗ್ತದಾ? ನಿಮ್ಮ ತಾಯಿಯವರೇ ಹೇಳಿದ್ರಲ್ಲ ಸ್ವಾಮಿ!"

ಕಾಶೀನಾಥರು ತಾಯಿಯ ಕಡೆ ನೋಡಿದರು. ಸೀತಮ್ಮ ಚಪ್ಪರದ ಪಕ್ಕ ಯಾರೋ ಹಾಸಿದ ಜಮಖಾನದ ಮೇಲೆ ಕೂತು, ಹೊಸದಾಗಿ ಬಂದ ಬಸ್ಸಿನವರಿಗೆ ಹನ್ನೊಂದನೇ ತಿರುವಿನ ಕತೆ ಶುರುಮಾಡಿದ್ದರು. ಈ ಸಲ ಘಾಟಿಯಲ್ಲಿ ಹುಲಿಯೂ ಇತ್ತು.

"ರೈಟರೇ, ಬೇರೆ ಯಾವುದಾದ್ರೂ ಕಲ್ಲು ಚಕ್ರಕ್ಕೆ ಕೊಡಿ, ಪುಣ್ಯ ಬರುತ್ತೆ. ಇಳಿದು ನಾನೇ ಮಾತಾಡ್ತೀನಿ."

ರೇಣುಕಪ್ರಸಾದರು ರಸ್ತೆಯಂಚಿನ ದರೆಯಿಂದ ಒಂದು ಕಲ್ಲು ಹೊತ್ತು ತಂದರು. ಚಕ್ರದ ಹತ್ತಿರ ಇಳಿಸಿ ಬೆನ್ನು ನೇರ ಮಾಡಿಕೊಳ್ಳುವಷ್ಟರಲ್ಲಿ ಅದರ ನೆತ್ತಿಗೆ ಕುಂಕುಮ ಬಿದ್ದಿತ್ತು. ಇನ್ನೊಂದು ತಂದರು. ಅದಕ್ಕೆ ದಾರಿಯಲ್ಲೇ ಹೂವು ಬಂತು. ಮೂರನೆಯದನ್ನು ಪಂಚೆಯಲ್ಲಿ ಮುಚ್ಚಿ ತಂದರು. "ಪರಿವಾರ ದೇವತೆಯಾ ಸ್ವಾಮಿ?" ಎಂದು ಜನ ಕೇಳಿ, ಮುಚ್ಚಿದ್ದಂತೆಯೇ ಆರತಿ ಎತ್ತಿದರು.

"ಇನ್ನು ನನ್ನ ಕೈಲಾಗಲ್ಲ ಮಾರಾಯ. ಊರು ತುಂಬ ದೇವ್ರು ಮಾಡಿದ ಪಾಪ ನನಗೇ ಬರುತ್ತೆ" ಎಂದು ರೈಟರು ಕೈಚೆಲ್ಲಿ ಪ್ರಸಾದದ ಸಾಲಿಗೆ ಸೇರಿದರು.

ಬೆಟ್ಟದ ಬೆನ್ನಿಗೆ ಸೂರ್ಯ ಜಾರಿದ. ಜಾವಳಿಯ ಕಡೆ ಹೋಗುವ ಬಸ್ಸು ನಿಂತು, ಚಾಲಕ ಕೆಳಗಿಳಿದು ನಿಂಬೆಹಣ್ಣು ಇಟ್ಟು ಬಂದ. ರಂಜನಾ ಅದನ್ನು ಹತ್ತುವ ಮೊದಲು ಕಾರಿನ ಕಿಟಕಿಗೆ ಬಂದಳು. ಗಂಡನ ತಲೆಯ ಮೇಲೆ ಬಿದ್ದಿದ್ದ ಒಂದು ಸೇವಂತಿಗೆ ತೆಗೆದು, ಅಕ್ಕರೆಯಿಂದಲೇ ಹೇಳಿದಳು: "ನಾಳೆ ಅಣಬೆ ಬೀಜ ತರಿಸ್ತೀನಿ. ಶೆಡ್ಡು ಹೇಗೂ ಖಾಲಿ ಇದೆಯಲ್ಲ. ನಾನಾಗಿ ಖಾಲಿ ಮಾಡಿಸಿದ್ದಲ್ಲ ನೋಡಿ. ರಾತ್ರಿಗೆ ಮೊಸರನ್ನ ಕಳಿಸ್ಲಾ?"

ಬಸ್ಸು ಹೋಯಿತು. ಕಾಶೀನಾಥರು ಸರ್ಟಿಫಿಕೇಟನ್ನು ಮಡಿಲಲ್ಲಿಟ್ಟುಕೊಂಡು, ಬಲಗಾಲನ್ನು ಬ್ರೇಕಿನ ಮೇಲೆ ಇನ್ನಷ್ಟು ಒತ್ತಿ, ಹೂಗುಡ್ಡೆಯ ಆಚೆ ಕೆಂಪಾಗುತ್ತಿದ್ದ ಬೆಟ್ಟಗಳನ್ನು ನೋಡುತ್ತ ಕೂತರು. ಅಜ್ಜ ಆ ಕೈಬ್ರೇಕಿನ ಮೇಲೆ ಕೊಡೆ ಸಿಕ್ಕಿಸದೆ ಇದ್ದಿದ್ದರೆ ಎಂದು ಒಂದು ಸಲ ಯೋಚಿಸಿದರು. ಹಾಗಿದ್ದರೆ ಇದು ಬರೀ ಕಾರಾಗಿರುತ್ತಿತ್ತು ಎಂದೂ ಅನ್ನಿಸಿತು.

ಆಗ ಬಾಗಿಲ ಹತ್ತಿರ ಯಾರೋ ಪಿಸುಗುಟ್ಟಿದ್ದು ಕೇಳಿಸಿತು.

"ಇವ್ರು ಯಾರು?"

"ಅರ್ಚಕರಂತೆ. ಬೆಳಿಗ್ಗೆಯಿಂದ ಬಲಗಾಲು ಎತ್ತಿಲ್ವಂತೆ. ಕಠಿಣ ವ್ರತವಂತೆ."

ಬಾಗಿಲು ತೆರೆಯಿತು. ಒಬ್ಬ ಹೆಂಗಸು ಬಗ್ಗಿ, ಬ್ರೇಕಿನ ಮೇಲಿದ್ದ ಅವರ ಪಾದಕ್ಕೆ ಎರಡು ಹೂ ಇಟ್ಟು, ಭಕ್ತಿಯಿಂದ ಅದನ್ನು ಎರಡೂ ಕೈಗಳಲ್ಲಿ ಹಿಡಿದು, ಕಣ್ಣಿಗೆ ಒತ್ತಿಕೊಳ್ಳಲೆಂದು ಮೆಲ್ಲನೆ ಮೇಲಕ್ಕೆತ್ತಿದಳು.